ತಲೆಯಲ್ಲಿ ಹೇನು: ಮನೆಯವರೆಲ್ಲ ಒಂದೇ ದಿನ ಕೂರದಿದ್ದರೆ ಹೋಗಲ್ಲ

"ಒದ್ದೆ ಕೂದಲಿಗೇ ಜಡೆ ಹಾಕಿದ್ದಕ್ಕೆ ಹೇನಾಯ್ತು." ಉಡುಪಿ, ಕಾಪು, ಕಾರ್ಕಳದ ಕಡೆ ಮಳೆಗಾಲದಲ್ಲಿ ಈ ಮಾತನ್ನು ನೀವೂ ಕೇಳಿರುತ್ತೀರಿ. ತುಳುವಿನಲ್ಲಿ ಪೇನ್ ಅನ್ನಿ, ಕನ್ನಡದಲ್ಲಿ ಹೇನು ಅನ್ನಿ, ಅದು ಒದ್ದೆ ಕೂದಲಲ್ಲಿ ಹುಟ್ಟುವುದಿಲ್ಲ. ಕೊಳೆಯಲ್ಲೂ ಹುಟ್ಟುವುದಿಲ್ಲ. ದಿನಾ ತಲೆ ತೊಳೆದ ಕೂದಲಿಗೂ ಅಷ್ಟೇ ಆರಾಮಾಗಿ ಅಂಟಿಕೊಳ್ಳುತ್ತದೆ.

ಹೇನಿಗೆ ರೆಕ್ಕೆಯಿಲ್ಲ, ಹಾರಲ್ಲ, ಜಿಗಿಯಲ್ಲ. ತೆವಳುತ್ತದೆ ಅಷ್ಟೇ. ತಲೆಗೆ ತಲೆ ತಾಗಿದಾಗ ಕೂದಲಿನಿಂದ ಕೂದಲಿಗೆ ದಾಟುತ್ತದೆ: ಅಂಗನವಾಡಿಯಲ್ಲಿ ಒಂದೇ ಚಾಪೆಯಲ್ಲಿ ಮಲಗಿದಾಗ, ಬೆಂಚಿನಲ್ಲಿ ಒತ್ತಿಕೊಂಡು ಕೂತಾಗ, ಮಣಿಪಾಲದ ಹಾಸ್ಟೆಲಿನಲ್ಲಿ ನಾಲ್ಕು ಜನ ಒಂದೇ ಮೊಬೈಲಿಗೆ ತಲೆ ಕೊಟ್ಟಾಗ. ಬಾಚಣಿಗೆ, ಟವೆಲ್, ದಿಂಬಿನಿಂದಲೂ ಬರಬಹುದು, ಆದರೆ ಅದು ಕಡಿಮೆ. ತಲೆಯಿಂದ ಕೆಳಗೆ ಬಿದ್ದ ಹೇನು ರಕ್ತ ಸಿಗದೆ ಒಂದೆರಡು ದಿನದಲ್ಲಿ ಸಾಯುತ್ತದೆ. ಹಾಗಾಗಿ ಇಡೀ ಮನೆ ತೊಳೆದು ಸುಸ್ತಾಗಬೇಡಿ. ಹಿಂದಿನ ಎರಡು ದಿನ ಬಳಸಿದ ಹಾಸಿಗೆ ಬಟ್ಟೆ, ಟವೆಲ್, ಬಾಚಣಿಗೆಯನ್ನು ಬಿಸಿನೀರಿನಲ್ಲಿ ತೊಳೆದರೆ ಸಾಕು.

ಮೊದಲ ಸಲ ಹೇನು ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಅಂದರೆ ಜೂನ್‌ನಲ್ಲಿ ಹತ್ತಿದ್ದು ಜುಲೈಯಲ್ಲಿ ಗೊತ್ತಾಗುತ್ತದೆ. ತರಗತಿಯಲ್ಲಿ ಮೊದಲು ತಲೆ ಕೆರೆದು ಸಿಕ್ಕಿಬಿದ್ದ ಹುಡುಗಿಯೇ ಎಲ್ಲರಿಗೂ ಹರಡಿದಳು ಅನ್ನೋದಕ್ಕೆ ಆಧಾರವೇ ಇಲ್ಲ. ಆದರೂ ಹಿಂದಿನ ಬೆಂಚಿಗೆ ಹೋಗೋದು ಅವಳೇ, ಬೈಸಿಕೊಳ್ಳೋದು ಅವಳಮ್ಮನೇ. ಮಗುವಿನ ಅಪ್ಪನ ತಲೆಯನ್ನು ಯಾರೂ ನೋಡಲ್ಲ! ತಲೆಹೇನು ತುರಿಕೆ ತರುತ್ತದೆ, ಕೆರೆದ ಗಾಯ ಕೀವಾಗಬಹುದು, ಆದರೆ ಅದು ಬೇರೆ ರೋಗ ಹರಡುವ ಹುಳ ಅಲ್ಲ. ಟೈಫಸ್ ಜ್ವರ ಹರಡುವುದು ಬಟ್ಟೆಯಲ್ಲಿ ವಾಸಿಸುವ ಮೈಹೇನು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇನಿನ ಕಾರಣಕ್ಕೆ ಮಗುವನ್ನು ಶಾಲೆಯಿಂದ ಹೊರಗಿಡಬೇಡಿ ಎನ್ನುತ್ತದೆ.

ಈಗ ಲೆಕ್ಕ. (ಇಂಜಿನಿಯರಿಂಗ್ ಓದಿದ ಚಟ, ಸಹಿಸಿಕೊಳ್ಳಿ.) ಹೆಣ್ಣು ಹೇನು ಸುಮಾರು ಒಂದು ತಿಂಗಳು ಬದುಕುತ್ತದೆ, ದಿನಕ್ಕೆ ಆರರಿಂದ ಹತ್ತು ಮೊಟ್ಟೆ ಇಡುತ್ತದೆ. ಈ ಮೊಟ್ಟೆಯೇ ಸೀರು. ಅದು ಒಡೆಯಲು ಒಂದು ವಾರದಿಂದ ಒಂಬತ್ತು ದಿನ, ಮರಿ ಬೆಳೆದು ತಾನೇ ಮೊಟ್ಟೆಯಿಡಲು ಮತ್ತೊಂದು ಒಂದೂವರೆ ವಾರ. ಮೆಡಿಕಲ್ ಶಾಪಿನಲ್ಲಿ ಸಿಗುವ 1% ಪರ್ಮೆಥ್ರಿನ್ ಲೋಷನ್ ಹೇನನ್ನು ಕೊಲ್ಲುತ್ತದೆ, ಸೀರನ್ನು ಪೂರ್ತಿ ಕೊಲ್ಲಲ್ಲ. ಅದಕ್ಕೇ ಒಂಬತ್ತನೇ ದಿನ ಇನ್ನೊಮ್ಮೆ ಹಚ್ಚಬೇಕು. ಹೆಚ್ಚಿನ ಮನೆಗಳಲ್ಲಿ ಕೆಡೋದು ಇಲ್ಲೇ: ಮೊದಲ ಸಲ ಹಚ್ಚಿದ ಮೇಲೆ "ಹೋಯ್ತು" ಅಂತ ಬಿಟ್ಟುಬಿಡುತ್ತೇವೆ. ಕಂಡೀಷನರ್ ಹಾಕದೆ ತೊಳೆದು ಒರೆಸಿದ ಕೂದಲಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಎರಡು ತಿಂಗಳೊಳಗಿನ ಕೂಸಿಗೆ ಬೇಡ. ಗರ್ಭಿಣಿಯರು ವೈದ್ಯರನ್ನು ಕೇಳಿ ಬಳಸಿ.

ಔಷಧಿಗೆ ದುಡ್ಡಿಲ್ಲದಿದ್ದರೆ ಸೀರಣಿಗೆ ಇದೆ. ಒದ್ದೆ ಕೂದಲಿಗೆ ತೆಂಗಿನೆಣ್ಣೆ ಹಚ್ಚಿ, ಸಣ್ಣ ಸಣ್ಣ ಭಾಗ ಮಾಡಿ, ಬುಡದಿಂದ ತುದಿಯವರೆಗೆ ಬಾಚಿ, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ. ಕಿವಿಯ ಹಿಂದೆ ಮತ್ತು ಕತ್ತಿನ ಮೇಲೆ ಹೆಚ್ಚು ನಿಗಾ. ಎರಡು ಮೂರು ದಿನಕ್ಕೊಮ್ಮೆ, ಮೂರು ವಾರ. ಎಣ್ಣೆಯೊಂದೇ ಹೇನನ್ನು ಕೊಲ್ಲುತ್ತದೆ ಅಂತ ನಂಬಬೇಡಿ, ಅದು ಬಾಚಲು ಅನುಕೂಲ ಮಾಡುತ್ತದೆ ಅಷ್ಟೆ. ಬಾಚುವ ದಿನ ಅಪ್ಪ, ಅಜ್ಜಿ, ಅಣ್ಣ ಎಲ್ಲರ ತಲೆಯನ್ನೂ ನೋಡಿ. ಹೇನಿದ್ದವರಿಗೆಲ್ಲ ಅದೇ ದಿನ ಚಿಕಿತ್ಸೆ ಆಗಬೇಕು.

ಸೀಮೆಎಣ್ಣೆ, ಸೊಳ್ಳೆ ಸ್ಪ್ರೇ, ತೋಟಕ್ಕೆ ಹೊಡೆಯುವ ಔಷಧಿ ಯಾವುದೂ ತಲೆಗೆ ಬೇಡ. ಸೀತಾಫಲದ ಬೀಜದ ಪುಡಿಯೂ ಬೇಡ, ಕಣ್ಣಿಗೆ ಬಿದ್ದರೆ ಕಾರ್ನಿಯಾ ಸುಡುತ್ತದೆ.

2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಬರಬೇಕು. ಮೂರು ವಾರಕ್ಕೆ ಹೊಸ ತಲೆಮಾರು ತಯಾರಾಗುವ ಹುಳಕ್ಕೆ ಆ ಭೇಟಿ ಎಲ್ಲಿ ಸಾಕು? ನಿಮ್ಮೂರಿನ ಎಸ್‌ಡಿಎಂಸಿ ಸಭೆಗೆ ಹೋದಾಗ, ಸರ್ಕಾರಿ ಹಾಸ್ಟೆಲಿನ ವಾರ್ಡನ್ ಸಿಕ್ಕಾಗ ಕೇಳಿ: ಮಕ್ಕಳಿಗೆ ಕೊಡುವ ಸೋಪು, ಎಣ್ಣೆಯ ಜೊತೆ ಒಂದು ಸೀರಣಿಗೆ ಇದೆಯಾ? ಒಂಬತ್ತನೇ ದಿನದ ಎರಡನೇ ಬಾಟಲಿಗೆ ದುಡ್ಡು ಯಾರು ಕೊಡ್ತಾರೆ?