ತಾಮ್ರಚೂಡನ ಹಿಮಯಾತ್ರೆ

ಸಂಸ್ಕೃತದಲ್ಲಿ ಕೋಳಿಗೆ ತಾಮ್ರಚೂಡವೆಂಬ ಹೆಸರುಂಟು. ತಾಮ್ರದ ಬಣ್ಣದ ಶಿಖೆಯುಳ್ಳದ್ದು ಎಂದು ಅದರ ಅರ್ಥ. ಹೆಸರಿಟ್ಟವರು ಹುಂಜದ ಚೆಲುವಿಗೆ ಮಾರುಹೋಗಿ ಹಾಗೆ ಕರೆದಿರಬೇಕು. ಆ ಜುಟ್ಟಿಗೆ ಚೆಲುವಲ್ಲದೆ ಬೇರೊಂದು ಕಾರ್ಯವೂ ಇದೆ. ಕೋಳಿಯ ಮೈಯಲ್ಲಿ ಬೆವರಿನ ಗ್ರಂಥಿಗಳಿಲ್ಲ. ಮೈಬಿಸಿಯಾದರೋ ಸುಮಾರು 41 ಡಿಗ್ರಿ ಸೆಲ್ಸಿಯಸ್. ಗರಿಯಿಲ್ಲದ, ನೆತ್ತರು ತುಂಬಿದ ಜುಟ್ಟು ಮತ್ತು ಗದ್ದದಡಿಯ ಜೋಲುಗಳ ಮೂಲಕ ಅದು ಹೆಚ್ಚಿನ ಬಿಸಿಯನ್ನು ಗಾಳಿಗೆ ಬಿಡುತ್ತದೆ.

ನಮ್ಮ ದೇವಸುಗೂರಿನ ಕಡೆ ವೈಶಾಖದಲ್ಲಿ ನೆರಳಿನ ಉಷ್ಣವೇ ಆ ಅಂಕಿಯನ್ನು ಮುಟ್ಟುವುದುಂಟು. ಗಾಳಿಯ ಬಿಸಿಯೂ ಮೈಯ ಬಿಸಿಯೂ ಒಂದಾದಾಗ ಜುಟ್ಟು ಏನು ಮಾಡೀತು? ಹೇಂಟೆಗಳು ಬಾಯ್ದೆರೆದು ಏದುತ್ತ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಬಚ್ಚಲ ಹಿಂದಿನ ತೇವದ ಮಣ್ಣಿನಲ್ಲಿ ಹೊರಳಿಕೊಂಡಿರುತ್ತವೆ. ಇಂಥ ಊರಿನವನಾದ ನಾನು ಹಿಮ ಬೀಳುವ ನಾಡಿನ ಹಿತ್ತಲ ಕೋಳಿಯ ಮಾತೆತ್ತಿದರೆ ಕೇಳುಗರಿಗೆ ವಿಚಿತ್ರವೆನಿಸಬಹುದು. ಆದರೆ ಆ ಚರಿತ್ರೆಯ ಒಂದು ಎಳೆ ನಮ್ಮ ನೆಲದಿಂದಲೇ ಹೊರಟದ್ದು.

ಕೆನಡಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಯ ಹಿಂದೆ ನಾಲ್ಕು ಕೋಳಿ ಸಾಕಿರುವುದಾಗಿ ಬರೆದಿದ್ದನು. ಅಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಉಷ್ಣಮಾನ ಸೊನ್ನೆಗಿಂತ 20–30 ಡಿಗ್ರಿ ಕೆಳಗಿಳಿಯುತ್ತದೆ. ಗರಿಯುಬ್ಬಿಸಿಕೊಂಡ ಕೋಳಿಗೆ ಅದೂ ಒಂದು ದೊಡ್ಡದಲ್ಲ. ಅಗಲವಾದ ಪಟ್ಟಿಯ ಮೇಲೆ ಕುಳಿತರೆ ಕಾಲ್ಬೆರಳುಗಳೂ ಎದೆಗರಿಯೊಳಗೆ ಅಡಗುತ್ತವೆ. ಕಷ್ಟವೆಲ್ಲ ಜುಟ್ಟಿನದು. ಸೆಕೆಯ ನಾಡಿನಲ್ಲಿ ಉಪಕಾರಿಯಾದ ಅಂಗ ಅಲ್ಲಿ ಹೆಪ್ಪುಗಟ್ಟಿ, ತುದಿ ಕಪ್ಪಾಗಿ, ಉದುರಿಹೋಗುತ್ತದೆ. ಗೂಡಿನೊಳಗೆ ಉಸಿರಿನ ಮತ್ತು ಹಿಕ್ಕೆಯ ತೇವ ನಿಂತರಂತೂ ಕೇಡು ಇಮ್ಮಡಿ. ಚಳಿಯೆಂದು ಗೂಡಿನ ಕಿಂಡಿಗಳನ್ನೆಲ್ಲ ಮುಚ್ಚುವವನು ಕರುಣೆಯಿಂದಲೇ ಕೋಳಿಯನ್ನು ಕೆಡಿಸುತ್ತಾನೆ. ಒಣಚಳಿಯನ್ನು ತಾಳುವ ಹಕ್ಕಿ ತೇವದ ಚಳಿಯನ್ನು ತಾಳದು.

ಈಗ ನಮ್ಮ ಎಳೆಗೆ ಬರೋಣ. ಅಸೀಲ್ ಎಂಬ ಕಾಳಗದ ಕೋಳಿಯನ್ನು ರಾಯಚೂರು ಸೀಮೆಯವರು ಬಲ್ಲರು. ನೆರೆಯ ಆಂಧ್ರದಲ್ಲಿ ಅದಕ್ಕೆ ಬಲು ಮನ್ನಣೆ. ಅಸೀಲ್ ಎಂದರೆ ಅಪ್ಪಟ, ಕುಲೀನ; ಅರಬ್ಬಿಯಿಂದ ಉರ್ದುವಿಗೆ ಬಂದ ಮಾತು. ಹೆಸರು ಈಚಿನದಾದರೂ ಹವ್ಯಾಸ ಪುರಾತನ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಕೋಳಿಕಾಳಗಕ್ಕೂ ಸ್ಥಾನವಿದೆ. ಇದಾದ ನೂರು ವರ್ಷದೊಳಗೇ, 1209ರಲ್ಲಿ, ಜನ್ನನು ಯಶೋಧರಚರಿತೆಯಲ್ಲಿ ಹಿಟ್ಟಿನ ಹುಂಜವನ್ನು ಬಲಿಕೊಟ್ಟ ಸಂಕಲ್ಪಹಿಂಸೆಗೂ ಭವಭವಗಳ ದಂಡ ತೆರಬೇಕಾದ ಅರಸನ ಕಥೆ ಹೇಳಿದನು. ಒಂದೇ ಹಕ್ಕಿಯನ್ನು ಕನ್ನಡನಾಡು ಈ ಎರಡು ಕಣ್ಣುಗಳಿಂದ ನೋಡಿತು. ನನ್ನ ಒಲವು ಜನ್ನನ ಕಡೆಗೇ. ಆದರೂ ಕಾಳಗದ ಕೋಳಿಯ ತಲೆಯನ್ನು ಒಮ್ಮೆ ಗಮನಿಸಬೇಕು. ಎದುರಾಳಿಯ ಕೊಕ್ಕಿಗೆ ಸಿಗದಂತೆ ಅದರ ಜುಟ್ಟು ಬಟಾಣಿಕಾಯಿಯ ಹಾಗೆ ಗಿಡ್ಡವಾಗಿ ನೆತ್ತಿಗೆ ಅಂಟಿಕೊಂಡಿರುತ್ತದೆ. ಜೋಲು ಇಲ್ಲವೆಂಬಷ್ಟು ಕಡಮೆ.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಸೀಲ್ ಕೋಳಿಗಳು ಹಡಗೇರಿ ಇಂಗ್ಲೆಂಡಿಗೆ ಹೋದವು. ಕಾರ್ನ್‌ವಾಲ್ ಪ್ರಾಂತದಲ್ಲಿ ಅವನ್ನು ಅಲ್ಲಿಯ ಕಾಳಗದ ಕೋಳಿಗಳೊಡನೆಯೂ ಮಲಯ ಕೋಳಿಗಳೊಡನೆಯೂ ಕೂಡಿಸಿ ಹೊಸ ತಳಿಯನ್ನು ಪಡೆದರು. ಇಂಗ್ಲಿಷರು ಅದನ್ನು ಕರೆದದ್ದು ‘ಇಂಡಿಯನ್ ಗೇಮ್’ ಎಂದು. ಅಮೆರಿಕದಲ್ಲಿ ಅದೇ ‘ಕಾರ್ನಿಷ್’ ಆಯಿತು. ಅದು ಕಾಳಗದಲ್ಲಿ ಸೋತು ಅಡುಗೆಮನೆಯಲ್ಲಿ ಗೆದ್ದಿತು. ಅದರ ಎದೆಮಾಂಸ ಅಷ್ಟು ದಪ್ಪ. ಜುಟ್ಟು ಮಾತ್ರ ಅಸೀಲ್‌ನದೇ ಉಳಿಯಿತು. ಉಳಿಯಲೇಬೇಕು, 1902ರಲ್ಲಿ ವಿಲಿಯಂ ಬೇಟ್‌ಸನ್ನನು ಮೆಂಡೆಲನ ನಿಯಮ ಪ್ರಾಣಿಗಳಿಗೂ ಸಲ್ಲುತ್ತದೆಂದು ತೋರಿಸಿದ್ದು ಕೋಳಿಯ ಜುಟ್ಟುಗಳಿಂದಲೇ. ಗಿಡ್ಡ ಜುಟ್ಟಿನದು ಪ್ರಬಲ ಗುಣ, ಎತ್ತರದ ಒಂಟಿ ಜುಟ್ಟಿನದು ದುರ್ಬಲ ಗುಣ.

ಕೆನಡಾದ ಕ್ವಿಬೆಕ್ ಪ್ರಾಂತದ ಓಕಾ ಎಂಬ ಊರಿನ ಕ್ರೈಸ್ತ ಮಠದಲ್ಲಿ ವಿಲ್‌ಫ್ರಿಡ್ ಷಾಟೆಲೆನ್ ಎಂಬ ಸನ್ಯಾಸಿಯಿದ್ದರು. ತಮ್ಮ ದೇಶದ ಕೋಳಿಗಳೆಲ್ಲ ಪರದೇಶದವು, ಚಳಿಗೆ ಹೇಳಿಮಾಡಿಸಿದ್ದು ಒಂದೂ ಇಲ್ಲವೆಂಬ ಕೊರಗು ಅವರದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವರು ಕಾರ್ನಿಷ್ ಹುಂಜಕ್ಕೂ ಬಿಳಿಯ ಲೆಗ್‌ಹಾರ್ನ್ ಹೇಂಟೆಗೂ ಸಂಕರ ಮಾಡಿ, ಅನಂತರ ಬೇರೆ ತಳಿಗಳನ್ನೂ ಬೆರೆಸಿ, ಹತ್ತು ವರ್ಷದ ತಾಳ್ಮೆಯ ಫಲವಾಗಿ 1918ರಲ್ಲಿ ‘ಶಾಂಟ್‌ಕ್ಲೇರ್’ ಎಂಬ ಕೋಳಿಯನ್ನು ಲೋಕದ ಮುಂದಿಟ್ಟರು. ಜುಟ್ಟು ನೆತ್ತಿಯ ಮೇಲಿನ ಒಂದು ಗುಂಡಿಯಷ್ಟು. ಹೆಪ್ಪುಗಟ್ಟಲು ಅಲ್ಲಿ ಏನೂ ಇಲ್ಲ. ನಮ್ಮ ಸುಡುಬಿಸಿಲಿನ ಕಾಳಗದ ಕಣದಲ್ಲಿ ಕೊಕ್ಕಿನೇಟಿಗೆಂದು ಆಯ್ದ ಲಕ್ಷಣ ಹಿಮದ ನಾಡಿನಲ್ಲಿ ರಕ್ಷೆಯಾಯಿತು.

ಕಾರ್ನಿಷ್ ಮತ್ತೊಂದು ದಾರಿಯಿಂದ ನಮ್ಮಲ್ಲಿಗೇ ಮರಳಿದೆ. ರಾಯಚೂರಿನ ಅಂಗಡಿಗಳಲ್ಲಿ ಇಂದು ತೂಗಿ ಮಾರುವ ಬ್ರಾಯ್ಲರ್ ಕೋಳಿಯ ವಂಶದಲ್ಲಿ ಅದರ ರಕ್ತವಿದೆ. ಹೋದದ್ದು ಕುಲೀನವೆಂಬ ಹೆಸರಿನಲ್ಲಿ, ಬಂದದ್ದು ಕಿಲೋ ಲೆಕ್ಕದಲ್ಲಿ.

ಹಿತ್ತಲ ಕೋಳಿಯ ಲೆಕ್ಕವೇ ಬೇರೆ. ನಮ್ಮ ತಾಯಿಯವರು ತತ್ತಿ ಮಾರಿ ಕೂಡಿಸಿದ ಚಿಲ್ಲರೆಯಿಂದ ನನ್ನ ಮ್ಯಾಟ್ರಿಕ್ ಪರೀಕ್ಷೆಯ ಶುಲ್ಕ ಸಂದಾಯವಾಯಿತು. ಹೊಲದ ಫಸಲು ತಂದೆಯದು, ತತ್ತಿಯ ದುಡ್ಡು ತಾಯಿಯದು. ಅದನ್ನು ಯಾರೂ ಕೇಳುತ್ತಿರಲಿಲ್ಲ. ಒಂದು ವರ್ಷ ಕೊಕ್ಕರೆ ರೋಗ ಬಂದು ಮೂರು ದಿನದಲ್ಲಿ ಗೂಡು ಬರಿದಾದಾಗ ಅವರು ಉಣ್ಣದೆ ಕುಳಿತದ್ದು ನೆನಪಿದೆ. ಪಶುವೈದ್ಯರು ಅದನ್ನು ರಾಣಿಖೇತ್ ರೋಗ ಎನ್ನುತ್ತಾರೆ. ಭಾರತದಲ್ಲಿ 1927ರಲ್ಲಿ ಅದನ್ನು ಗುರುತಿಸಿದ್ದು ಕುಮಾವೂನಿನ ಆ ತಂಪು ಗಿರಿಧಾಮದಲ್ಲಿ. ಚಳಿಯನ್ನೂ ಸೆಕೆಯನ್ನೂ ಗೆದ್ದ ಹಕ್ಕಿ ಈ ಬೇನೆಗೆ ಸೋಲುತ್ತದೆ; ಲಸಿಕೆಯೊಂದೇ ಅದಕ್ಕೆ ಕಾವಲು.

1989ರಲ್ಲಿ ಬೆಂಗಳೂರಿನ ಹೆಬ್ಬಾಳದ ವಿಜ್ಞಾನಿಗಳು ಹಿತ್ತಲಿಗೆಂದೇ ಗಿರಿರಾಜ ತಳಿಯನ್ನು ಬಿಡುಗಡೆ ಮಾಡಿದರು. ಜವಾರಿಗಿಂತ ಬೇಗ ಬೆಳೆಯುತ್ತದೆ, ಹೆಚ್ಚು ತತ್ತಿಯಿಡುತ್ತದೆ. ಆದರೆ ಕಾವಿಗೆ ಕೂಡುವುದಿಲ್ಲ. ಆದ್ದರಿಂದ ನಮ್ಮ ಕಡೆಯ ಹೆಣ್ಣುಮಕ್ಕಳು ಬಿದಿರಬುಟ್ಟಿಯಲ್ಲಿ ಹುಲ್ಲು ಹಾಸಿ, ಗಿರಿರಾಜದ ತತ್ತಿಗಳನ್ನು ಮುದಿ ಜವಾರಿ ಹೇಂಟೆಯ ಅಡಿಯಲ್ಲಿಡುತ್ತಾರೆ. ಇಪ್ಪತ್ತೊಂದನೆಯ ದಿನ ಮರಿಗಳು ಹೊರಬರುತ್ತವೆ. ತನಗಿಂತ ದೊಡ್ಡವಾಗಲಿರುವ ಆ ಮರಿಗಳನ್ನು ಮುಂದಿಟ್ಟುಕೊಂಡು ಹೇಂಟೆ ತಿಪ್ಪೆಯ ಕಡೆಗೆ ನಡೆಯುತ್ತದೆ.