ಫ್ಲೆಕ್ಸಿನ ತಳಪಟ್ಟಿ: ಅಭಿಮಾನಿ ಕಲೆಯನ್ನು ಓದೋದು ಹೇಗೆ?

ಕಬ್ಬಿನ ಹಂಗಾಮಿನಲ್ಲಿ ಗುರ್ಲಾಪುರ ಕ್ರಾಸ್‌ನಿಂದ ಮೂಡಲಗಿ ಕಡೆಗೆ ಬೈಕ್ ಹೊಡೆದರೆ ಅರ್ಧ ದಾರಿ ಟ್ರೇಲರ್‌ಗಳ ಹಿಂದೆಯೇ ಕಳೆಯುತ್ತದೆ. ಮುಂದೆ ಹೋಗೋಕೆ ಜಾಗ ಸಿಗೋವರೆಗೂ ನಾನು ಆ ಟ್ರೇಲರ್‌ಗಳನ್ನು ಓದುತ್ತಾ ಹೋಗುತ್ತೇನೆ. ನಗುತ್ತಿರುವ ಅಪ್ಪು. ಕುದುರೆ ಮೇಲೆ ಕತ್ತಿ ಹಿಡಿದ ಸಂಗೊಳ್ಳಿ ರಾಯಣ್ಣ, ಆದರೆ ಮುಖ ಮಾತ್ರ 2012ರ ಸಿನಿಮಾದ ದರ್ಶನ್‌ದು. ಟ್ರ್ಯಾಕ್ಟರ್ ಮಡ್‌ಗಾರ್ಡ್ ಮೇಲೆ ಗಡ್ಡ ಬಿಟ್ಟ ರಾಕಿ ಭಾಯ್. ಯಾವ ನಿರ್ಮಾಪಕನೂ ಇವನ್ನು ಮಾಡಿಸಿಲ್ಲ, ಯಾರೂ ಇದಕ್ಕೆ ದುಡ್ಡು ಕೊಟ್ಟಿಲ್ಲ. ಟ್ರ್ಯಾಕ್ಟರ್ ಸಾಲದ ಕಂತು ಇನ್ನೂ ಬಾಕಿ ಇರೋ ಹುಡುಗ ತನ್ನ ಜೇಬಿನಿಂದ ಮಾಡಿಸಿಕೊಂಡ ಚಿತ್ರಗಳಿವು.

ಸಿನಿಮಾ ಅಧ್ಯಯನದಲ್ಲಿ ಇಂಥವನ್ನೆಲ್ಲ ಸೇರಿಸಿ ಕರೆಯೋಕೆ ಒಂದು ಪದ ಇದೆ: ಪ್ಯಾರಾಟೆಕ್ಸ್ಟ್. ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1987ರಲ್ಲಿ ಇದರ ಮೇಲೆ ಒಂದು ಇಡೀ ಪುಸ್ತಕ ಬರೆದ. ಆ ಪುಸ್ತಕದ ಹೆಸರನ್ನು ಕನ್ನಡಕ್ಕೆ ತಂದರೆ 'ಹೊಸ್ತಿಲುಗಳು' ಅಂತಾಗುತ್ತದೆ. ಪುಸ್ತಕದ ಮುಖಪುಟ, ಮುನ್ನುಡಿ, ಅರ್ಪಣೆ, ಬೆನ್ನುಡಿ, ಇವೆಲ್ಲ ಕೃತಿಯ ಒಳಗೂ ಅಲ್ಲ, ಹೊರಗೂ ಅಲ್ಲ. ದಾಟಿಕೊಂಡು ಒಳಗೆ ಹೋಗಬೇಕಾದ ಹೊಸ್ತಿಲು ಅನ್ನೋದು ಅವನ ಮಾತು. ಆದರೆ ಅವನ ಹೊಸ್ತಿಲನ್ನು ಕಟ್ಟುತ್ತಿದ್ದದ್ದು ಮನೆಯವರೇ, ಅಂದರೆ ಲೇಖಕ ಮತ್ತು ಪ್ರಕಾಶಕ. 2010ರಲ್ಲಿ ಜೊನಾಥನ್ ಗ್ರೇ ಅದನ್ನು ಸಿನಿಮಾ, ಟಿವಿಗೆ ಹಿಗ್ಗಿಸಿದ. ಟ್ರೇಲರ್, ಪೋಸ್ಟರ್, ಆಟಿಕೆಗಳ ಜೊತೆಗೆ ಅಭಿಮಾನಿಗಳು ಮಾಡಿದ್ದನ್ನೂ ಆ ಲೆಕ್ಕಕ್ಕೆ ಸೇರಿಸಿದ. ಸಿನಿಮಾಕ್ಕೆ ಅರ್ಥ ಬರೋದು ಪರದೆ ಮೇಲೆ ಮಾತ್ರ ಅಲ್ಲ, ಇವುಗಳಲ್ಲೂ ಅಂದ.

ನಮ್ಮೂರಿನಲ್ಲಿ ಈ ಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮೂಡಲಗಿಯ ಹುಡುಗನೊಬ್ಬ ತನ್ನ ಹೀರೋನನ್ನು ಥಿಯೇಟರಿನಲ್ಲಿ ನೋಡೋದು ವರ್ಷಕ್ಕೆ ಒಂದೋ ಎರಡೋ ಸಲ. ಟ್ರೇಲರ್ ಬೆನ್ನಿನ ಮೇಲೆ, ಕಟಿಂಗ್ ಅಂಗಡಿಯ ಗೋಡೆ ಮೇಲೆ, ಗೆಳೆಯನ ಸ್ಟೇಟಸ್‌ನಲ್ಲಿ ನೋಡೋದು ದಿನಾ. ಇಲ್ಲಿ ಹೊಸ್ತಿಲಲ್ಲೇ ಸಂಸಾರ ನಡೆಯುತ್ತದೆ.

ಇದು ಹೊಸದೂ ಅಲ್ಲ. ಈ ಸೀಮೆಯ ಜನ ರಾತ್ರಿಯಿಡೀ ಕೂತು ನೋಡಿದ ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳಿ. ಪುರಾಣದ ಕತೆ ಅಪರಾಳ ತಮ್ಮಣ್ಣನ ಕೈಗೆ ಬಂತು, ಅಲ್ಲಿಂದ ಇದೇ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನ ಕೈಯಲ್ಲಿ ಆಟವಾಗಿ ಬೆಳೆಯಿತು, ಕೌಜಲಗಿ ನಿಂಗಮ್ಮನ ದನಿಯಲ್ಲಿ ಊರೂರು ತಿರುಗಿತು. ಕತೆ ನಿಮ್ಮದಾ ನಮ್ಮದಾ ಅಂತ ಯಾರೂ ಕೇಳಲಿಲ್ಲ. ಮೆಚ್ಚಿದವನು ಅದನ್ನು ಮತ್ತೆ ಮಾಡುತ್ತಾನೆ, ಅಷ್ಟೇ. ಅಮೆರಿಕದ ಹೆನ್ರಿ ಜೆಂಕಿನ್ಸ್ 1992ರಲ್ಲಿ ಅಭಿಮಾನಿಗಳನ್ನು 'ಪಠ್ಯದ ಕಳ್ಳಬೇಟೆಗಾರರು' ಅಂದಾಗ ಅಲ್ಲಿ ಅದು ಹೊಸ ವಿಚಾರವಾಗಿತ್ತು.

ಈಗ ಫ್ಲೆಕ್ಸಿಗೆ ಬರೋಣ. ನಾನು ಪಿಯುಸಿಯಲ್ಲಿದ್ದಾಗ ಗೆಳೆಯರೆಲ್ಲ ಪಟ್ಟಿ ಹಾಕಿ ಒಂದು ಫ್ಲೆಕ್ಸ್ ಮಾಡಿಸೋಕೆ ಹೋಗಿದ್ದೆವು. ಹೀರೋನ ಯಾವ ಫೋಟೋ ಅಂತ ನಾವು ತಲೆ ಕೆಡಿಸಿಕೊಂಡಿದ್ದರೆ, ಕಂಪ್ಯೂಟರ್ ಮುಂದೆ ಕೂತವನು ಅದನ್ನು ಕೇಳಲೇ ಇಲ್ಲ. "ಹೀರೋಂದು ನನ್ನ ಹಂತ್ಯಾಕ ಐತ್ರಿ. ತಳಗಿನ ಪಟ್ಟಿಗೆ ಎಷ್ಟ್ ಮಂದಿ, ಮದ್ಲ ಅದನ್ನ ಹೇಳ್ರಿ" ಅಂದ. ನಾವು ಹದಿನಾಲ್ಕು ಮಂದಿ. ಮುಂದಿನ ಒಂದು ತಾಸು ಹೀರೋ ಬಗ್ಗೆ ಮಾತೇ ಇಲ್ಲ. ಯಾರ ಫೋಟೋ ದೊಡ್ಡದು, ಯಾರದು ಎಡತುದಿಗೆ, ಯಾರ ಹೆಸರಿನ ಮುಂದೆ 'ಅಧ್ಯಕ್ಷರು' ಅಂತ ಬರಬೇಕು, ಬರೀ ಇದೇ ಜಗಳ. ನಾನು ಇನ್ನೂರು ರೂಪಾಯಿ ಕೊಟ್ಟಿದ್ದೆ, ಎರಡನೇ ಸಾಲಿನ ಕೊನೆಗೆ ಬಂದೆ. ಹೆಸರು ತಪ್ಪಾಗಿ ಅಚ್ಚಾಗಿತ್ತು. ಆದರೂ ಮೂರು ದಿನ ಆ ಸರ್ಕಲ್ ಬಿಟ್ಟು ಕದಲಿರಲಿಲ್ಲ.

ಫ್ಲೆಕ್ಸಿನ ನಿಜವಾದ ವಸ್ತು ಆ ತಳಪಟ್ಟಿ ಅನ್ನೋದು ನನ್ನ ವಾದ. 'ಶುಭ ಕೋರುವವರು' ಅನ್ನೋ ಅಕ್ಷರದ ಕೆಳಗಿನ ಪಾಸ್‌ಪೋರ್ಟ್ ಸೈಜಿನ ಮುಖಗಳು. ಈ ಹುಡುಗರ ಮುಖವನ್ನು ಇನ್ಯಾವ ಪತ್ರಿಕೆ ಅಚ್ಚು ಹಾಕುತ್ತದೆ? ಸರ್ಕಲ್‌ನಲ್ಲಿ ನಿಲ್ಲೋ ಹಕ್ಕು ಅವರಿಗೆ ಸುಮ್ಮನೆ ಸಿಗೋದಿಲ್ಲ. ಹೀರೋನ ತಲೆಯ ಕೆಳಗಾದರೆ ಸಿಗುತ್ತದೆ. ರಾಯಣ್ಣನ ಜಯಂತಿ ಫ್ಲೆಕ್ಸ್, ಅಂಬೇಡ್ಕರ್ ಜಯಂತಿ ಫ್ಲೆಕ್ಸ್, ಶಾಸಕರ ಹುಟ್ಟುಹಬ್ಬದ ಫ್ಲೆಕ್ಸ್ ಪಕ್ಕಪಕ್ಕ ಇಟ್ಟು ನೋಡಿ: ವಿನ್ಯಾಸ ಒಂದೇ, ಮೇಲಿನ ಮುಖ ಬೇರೆ, ತಳಪಟ್ಟಿಯಲ್ಲಿ ಎಷ್ಟೋ ಸಲ ಅದೇ ಹುಡುಗರು. ಸಂಘಟನೆ ಮಾಡೋದನ್ನು, ಪಟ್ಟಿ ಎತ್ತೋದನ್ನು, ಯಾರನ್ನು ಮುಂದೆ ಕೂರಿಸಬೇಕು ಅನ್ನೋದನ್ನು ಅವರು ಮೊದಲು ಕಲಿಯೋದು ಅಭಿಮಾನಿ ಸಂಘದಲ್ಲಿ. ಜಾತಿಯ ಲೆಕ್ಕವನ್ನೂ ಅಲ್ಲೇ ಕಲಿಯುತ್ತಾರೆ ಅನ್ನೋದನ್ನು ಮುಚ್ಚಿಡಬೇಕಿಲ್ಲ.

ಈ ಕಲಿಕೆ ರಾಜ್ಯದ ರಾಜಕಾರಣವನ್ನೇ ಅಲ್ಲಾಡಿಸಿದ್ದು 1982ರಲ್ಲಿ. ಗೋಕಾಕ್ ಚಳವಳಿಗೂ ಗೋಕಾಕ ಊರಿಗೂ ಸಂಬಂಧವಿಲ್ಲ ಅನ್ನೋದನ್ನು ಬೆಂಗಳೂರಿನ ಗೆಳೆಯರಿಗೆ ನಾನು ಪ್ರತಿ ಸಲ ಹೇಳಬೇಕಾಗುತ್ತದೆ. ಅದು ಭಾಷಾ ಸಮಿತಿಯ ಅಧ್ಯಕ್ಷರಾಗಿದ್ದ, ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಹೆಸರು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕು ಅನ್ನೋ ಅವರ ವರದಿ 1981ರಲ್ಲೇ ಸರ್ಕಾರದ ಕೈ ಸೇರಿತ್ತು. ಸಾಹಿತಿಗಳು ಸಭೆ ಮಾಡಿದರು, ಹೇಳಿಕೆ ಕೊಟ್ಟರು. ಅದು ಬೀದಿಗೆ ಬಂದು ಜನಸಾಗರವಾದದ್ದು ರಾಜ್‌ಕುಮಾರ್ ಕಣಕ್ಕಿಳಿದು ಊರೂರು ಸುತ್ತಿದ ಮೇಲೆ. ಅಣ್ಣಾವ್ರು ಒಂದು ಊರಿಗೆ ಬರುತ್ತಾರೆಂದರೆ ಗೋಡೆ ಬರೆಯೋಕೆ, ಬ್ಯಾನರ್ ಕಟ್ಟೋಕೆ, ಜನ ಸೇರಿಸೋಕೆ ಅಭಿಮಾನಿ ಸಂಘಗಳು ಮೊದಲೇ ತಯಾರಿದ್ದವು. ಬಿಡುಗಡೆ ದಿನ ಥಿಯೇಟರ್ ಮುಂದೆ ಮಾಡುತ್ತಿದ್ದ ಕೆಲಸವನ್ನೇ ಅವರು ಭಾಷೆಗಾಗಿ ಮಾಡಿದರು. ಗುಂಡೂರಾವ್ ಸರ್ಕಾರ ಆದೇಶ ಹೊರಡಿಸಬೇಕಾಯಿತು. ದಕ್ಷಿಣದ ತಾರೆ ಮತ್ತು ಜನರ ನಡುವಿನ ಈ ನಂಟನ್ನು ಎಂ. ಮಾಧವ ಪ್ರಸಾದ್ 2014ರ ತಮ್ಮ ಪುಸ್ತಕದಲ್ಲಿ 'ಸಿನಿ-ಪಾಲಿಟಿಕ್ಸ್' ಎಂದು ಹೆಸರಿಸಿದರು. ಆಸಕ್ತಿ ಇದ್ದವರು ಅದನ್ನೂ, ಚಿರಂಜೀವಿ ಅಭಿಮಾನಿಗಳ ಬಗ್ಗೆ ಎಸ್.ವಿ. ಶ್ರೀನಿವಾಸ್ ಬರೆದದ್ದನ್ನೂ ಓದಬೇಕು.

ತಳಪಟ್ಟಿಯಲ್ಲಿ ಹೆಣ್ಣುಮಕ್ಕಳು ಎಲ್ಲಿ? ನಾನು ನೋಡಿದ ಸಿನಿಮಾ ಫ್ಲೆಕ್ಸ್‌ಗಳಲ್ಲಿ ಒಬ್ಬರೂ ನೆನಪಿಗೆ ಬರುತ್ತಿಲ್ಲ. ಜೆಂಕಿನ್ಸ್ ಬರೆದ ಅಭಿಮಾನಿಗಳು, ಅಂದರೆ ಟಿವಿ ಧಾರಾವಾಹಿಯ ಪಾತ್ರಗಳನ್ನಿಟ್ಟುಕೊಂಡು ತಮ್ಮದೇ ಕತೆ ಕಟ್ಟಿದವರು, ಹೆಚ್ಚಿನವರು ಹೆಂಗಸರೇ. ನಮ್ಮಲ್ಲಿ ಅವರಿಲ್ಲ ಅಂತಲ್ಲ. ನಮ್ಮ ಮನೆಯಲ್ಲೇ ಚಿಕ್ಕಪ್ಪನ ಮಗಳು ಪೆನ್ಸಿಲ್ಲಿನಲ್ಲಿ ಅಪ್ಪುವನ್ನು ಬರೆಯುತ್ತಾಳೆ, ಫೋನಿನಲ್ಲಿ ಹಾಡಿಗೆ ದೃಶ್ಯ ಜೋಡಿಸಿ ಎಡಿಟ್ ಮಾಡುತ್ತಾಳೆ. ಖಾತೆಗೆ ಅವಳ ಹೆಸರಿಲ್ಲ, ಅವಳ ಮುಖವಿಲ್ಲ. "ಹೆಸರ ಹಾಕಿದ್ರ ಮನ್ಯಾಗ ಫೋನ್ ಕಸ್ಕೋತಾರಣ್ಣಾ" ಅಂತಾಳೆ. ಹುಡುಗನಿಗೆ ಮುಖ ತೋರಿಸೋಕೆ ಬೇಕಾದ ಕಲೆ, ಹುಡುಗಿಗೆ ಮುಖ ಮುಚ್ಚಿಕೊಂಡು ಮಾಡಬೇಕಾದ ಕಲೆ.

ಫೋನಿನ ಎಡಿಟ್ ಅಂದರೆ ಹುಡುಗಾಟ ಅನ್ನೋರಿಗೆ ಒಂದು ಹೆಸರು ಹೇಳುತ್ತೇನೆ: ಉಜ್ವಲ್ ಕುಲಕರ್ಣಿ. ಕಲಬುರಗಿಯ ಈ ಹುಡುಗ ಯೂಟ್ಯೂಬಿಗೆ ಅಭಿಮಾನಿ ಎಡಿಟ್‌ಗಳನ್ನು ಮಾಡುತ್ತಿದ್ದ. ಅವು ಪ್ರಶಾಂತ್ ನೀಲ್ ಕಣ್ಣಿಗೆ ಬಿದ್ದವು. 2022ರ ಏಪ್ರಿಲ್ 14ರಂದು ಬಿಡುಗಡೆಯಾದ ಕೆಜಿಎಫ್ ಚಾಪ್ಟರ್ 2ರ ಸಂಕಲನಕಾರ ಅವನೇ, ಆಗಿನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸು. ಮುಂದೆ ಸಲಾರ್ ಕೂಡ ಅವನ ಕೈಯಿಂದ ಹಾದುಹೋಯಿತು. ಹೊಸ್ತಿಲಲ್ಲಿ ಕೂತವನು ಒಳಮನೆಗೆ ಹೋದ ಅಪರೂಪದ ಉದಾಹರಣೆ ಇದು. ಉಳಿದ ಸಾವಿರಾರು ಎಡಿಟ್‌ಗಳು ಸಿನಿಮಾಕ್ಕೆ ಪುಕ್ಕಟೆ ಪ್ರಚಾರವಾಗಿ ಮುಗಿದುಹೋಗುತ್ತವೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಖಾಸಗಿ ಬಳಕೆಗೆ, ವಿಮರ್ಶೆಗೆ ವಿನಾಯಿತಿ ಉಂಟು. ಅಭಿಮಾನಕ್ಕೆ ಅಂತ ಪ್ರತ್ಯೇಕ ಕಲಮಿಲ್ಲ. ಲಾಭವಿರೋವರೆಗೆ ಕಂಪನಿ ಸುಮ್ಮನಿರುತ್ತದೆ, ಬೇಡವಾದ ದಿನ ತೆಗೆಸಿಹಾಕುತ್ತದೆ.

ಇದನ್ನೆಲ್ಲ ಬರೆಯುವಾಗ ಅಭಿಮಾನಿ ಕಲೆ ಅಂದರೆ ಜನಪರವೇ ಅನ್ನೋ ಹುಮ್ಮಸ್ಸು ಬರುತ್ತದೆ. 2024ರ ಜೂನ್ ಆ ಹುಮ್ಮಸ್ಸನ್ನು ಇಳಿಸಿತು. ಕೊಲೆ ಪ್ರಕರಣದ ಆರೋಪಿಯಾಗಿ ದರ್ಶನ್ ಜೈಲು ಸೇರಿದಾಗ ಅವರಿಗೆ ಕೊಟ್ಟ 6106 ಅನ್ನೋ ವಿಚಾರಣಾಧೀನ ಕೈದಿ ಸಂಖ್ಯೆ ಕೆಲವೇ ದಿನಗಳಲ್ಲಿ ಬೈಕ್, ಆಟೋಗಳ ಮೇಲೆ ಸ್ಟಿಕರ್ ಆಯಿತು. ಹಸುಗೂಸಿಗೆ ಕೈದಿ ಬಟ್ಟೆ ತೊಡಿಸಿ, ಆ ಸಂಖ್ಯೆ ಬರೆದು ಫೋಟೋ ತೆಗೆಸಿದವರೂ ಇದ್ದರು. ಅದರ ಹಿಂದೆ ಯಾವ ಸಿನಿಮಾವೂ ಇಲ್ಲ. ಹೊಸ್ತಿಲು ಮಾತ್ರ ಇದೆ, ಒಳಗೆ ಮನೆಯೇ ಇಲ್ಲ. ಸತ್ತವನೂ ಒಬ್ಬ ಅಭಿಮಾನಿ ಅಂತ ಸುದ್ದಿಯಾಗಿತ್ತು. ಅವನ ಮುಖ ಯಾರ ಟ್ರ್ಯಾಕ್ಟರ್ ಮೇಲೂ ಬರಲಿಲ್ಲ. ತೀರ್ಪು ಕೋರ್ಟಿನ ಕೆಲಸ, ಸರಿ. ಆ ಸ್ಟಿಕರ್ ಅಂಟಿಸಿದ್ದು ಮಾತ್ರ ನಾವು, ತಳಪಟ್ಟಿಯವರು.

ಇನ್ನು ಪ್ರಾಣದ ಮಾತು. 2024ರ ಜನವರಿ 8, ಯಶ್ ಹುಟ್ಟುಹಬ್ಬ. ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ರಾತ್ರಿ ಕಟೌಟ್ ನಿಲ್ಲಿಸುವಾಗ ಅದು ವಿದ್ಯುತ್ ತಂತಿಗೆ ತಾಗಿ ಮೂವರು ಯುವಕರು ತೀರಿಕೊಂಡರು, ಜೊತೆಗಿದ್ದವರು ಗಾಯಗೊಂಡರು. ಯಶ್ ಆ ಊರಿಗೆ ಹೋಗಿ ಮನೆಯವರನ್ನು ಕಂಡರು, ಈ ರೀತಿ ಅಭಿಮಾನ ತೋರಿಸಬೇಡಿ ಅಂತ ಕೇಳಿಕೊಂಡರು. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿತ್ತು. 2018ರಲ್ಲಿ ಬೆಂಗಳೂರಿನ ಫ್ಲೆಕ್ಸ್‌ಗಳ ವಿಷಯದಲ್ಲಿ ಹೈಕೋರ್ಟ್ ಚಾಟಿ ಬೀಸಿತ್ತು. ಆದರೆ ಶಾಸಕರ ಫ್ಲೆಕ್ಸ್ ಸರ್ಕಲ್‌ನಲ್ಲಿ ನಿಂತಿರುವಾಗ ಹುಡುಗರಿಗೆ ಯಾವ ಕಾನೂನು ಹೇಳ್ತೀರಿ? ಶಾಸಕರ ಫ್ಲೆಕ್ಸ್ ಕಟ್ಟೋಕೆ ಕೂಲಿಯವರಿರುತ್ತಾರೆ, ಏಣಿ ಇರುತ್ತದೆ. ಹೀರೋಂದಾದರೆ ನಾವೇ ಏರುತ್ತೇವೆ, ಅದೂ ಹನ್ನೆರಡು ಗಂಟೆ ಹೊಡೆಯೋದರೊಳಗೆ, ಕತ್ತಲಲ್ಲಿ.

ಸೂರಣಗಿಯ ನಂತರ ನಮ್ಮ ಓಣಿಯ ಹುಡುಗರು ಫ್ಲೆಕ್ಸ್ ಬಿಟ್ಟಿಲ್ಲ. ಮೊನ್ನೆ ಅಪ್ಪು ಹುಟ್ಟುಹಬ್ಬಕ್ಕೆ ಕಟ್ಟಿದರು. ಹಗಲು ಹೊತ್ತಿನಲ್ಲಿ, ಕಂಬದಿಂದ ದೂರ, ಲೈನ್‌ಮನ್‌ಗೆ ಫೋನ್ ಮಾಡಿ ಕೇಳಿಕೊಂಡು. ತಳಪಟ್ಟಿಯಲ್ಲಿ ಇಪ್ಪತ್ತೊಂದು ಮುಖ ಇದ್ದವು. ಚಿಕ್ಕಪ್ಪನ ಮಗಳ ಪೆನ್ಸಿಲ್ ಚಿತ್ರವನ್ನೇ ಮೇಲೆ ದೊಡ್ಡದಾಗಿ ಹಾಕಿದ್ದರು, ಅವಳ ಹೆಸರಿಲ್ಲದೆ.