ಗೆರಟೆ: ಸೌಟು, ಕೆಂಡ, ಚಾ

ಇವತ್ತಿನ ವಿಷಯ ನಿಮ್ಮ ಅಡುಗೆಮನೆ ಹಿಂದೆಯೇ ಬಿದ್ದುಂಟು. ಗೆರಟೆ, ಅಂದ್ರೆ ತೆಂಗಿನಕಾಯಿ ಚಿಪ್ಪು.

ಕಾಯಿ ತುರಿದ ಮೇಲೆ ನಮ್ಮ ಕಡೆ ಇದನ್ನು ಬಿಸಾಡ್ತಿರಲಿಲ್ಲ. ಬಂಟ್ವಾಳದ ನನ್ನ ಅಜ್ಜಿಮನೆಯಲ್ಲಿ ಬಿದಿರಿನ ಹಿಡಿ ಸಿಕ್ಕಿಸಿದ್ರೆ ಗಂಜಿಯ ಸೌಟು. ಮೂಡುಬಿದಿರೆ ಪೇಟೆಯ ಇಸ್ತ್ರಿಪೆಟ್ಟಿಗೆಗೆ ಅದರದ್ದೇ ಕೆಂಡ. ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ಮರಕ್ಕೆ ಕಟ್ಟಿ ಹಾಲು ಹಿಡಿದದ್ದೂ ಗೆರಟೆಯಲ್ಲೇ. ಗಟ್ಟಿ, ಸೋರುವುದಿಲ್ಲ, ಖರ್ಚು ಸೊನ್ನೆ.

ನಾನು ಹೀಗೆ ಹೊಗಳ್ತಾ ಇದ್ದಾಗ ಅಜ್ಜಿ ಹೇಳಿದ್ರು: "ಕೆಲಸದವರಿಗೆ ಚಾ ಕೊಡ್ತಿದ್ದದ್ದೂ ಅದರಲ್ಲೇ ಮಗಾ, ಅಂಗಳದಲ್ಲಿ."

ಕೆಲಸದವರು ಅಂದ್ರೆ ದಲಿತರು. ಮನೆಯವರಿಗೆ ಲೋಟ, ಅವರಿಗೆ ಗೆರಟೆ. ಕುಡಿದ ಮೇಲೆ ಎಸೆಯಬಹುದು, ಮನೆಯ ಪಾತ್ರೆ 'ಮೈಲಿಗೆ' ಆಗುವುದಿಲ್ಲ ಅನ್ನೋ ಲೆಕ್ಕ. ಕರಾವಳಿಯ ಚಾ ಹೋಟೆಲುಗಳಲ್ಲೂ ಈ ಪದ್ಧತಿ ಇತ್ತು.

ಇಂಥ ಅಸ್ಪೃಶ್ಯತೆಯ ವಿರುದ್ಧ ಕುದ್ಮುಲ್ ರಂಗರಾಯರು 1897ರಲ್ಲೇ ಮಂಗಳೂರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ರು. 1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರ ಕಾಯ್ದೆ ಪಾತ್ರೆಯ ವಿಷಯವನ್ನೂ ಬಿಡಲಿಲ್ಲ: ಹೋಟೆಲಿನಲ್ಲಿ ಸಾರ್ವಜನಿಕರಿಗೆ ಇಟ್ಟ ಪಾತ್ರೆಯನ್ನು ಅಸ್ಪೃಶ್ಯತೆಯ ಕಾರಣಕ್ಕೆ ಯಾರಿಗಾದರೂ ನಿರಾಕರಿಸಿದ್ರೆ ಶಿಕ್ಷೆ. ಒಂದು ಲೋಟಕ್ಕೂ ಪಾರ್ಲಿಮೆಂಟ್ ಕಾನೂನು ಮಾಡಬೇಕಾಯ್ತು, ನೋಡಿ.

ಈಗ ಅದೇ ಗೆರಟೆ ಪಾಲಿಶ್ ಆಗಿ ಆನ್‌ಲೈನಲ್ಲಿ 'ಇಕೋ ಫ್ರೆಂಡ್ಲಿ' ಬೌಲ್. ತಗೊಳ್ಳಿ, ತಪ್ಪಿಲ್ಲ. ಆದ್ರೆ ಮನೆಗೆ ಹೋಗಿ ನಿಮ್ಮ ಅಜ್ಜಿ ಹತ್ರ ಒಂದು ಮಾತು ಕೇಳಿ: ಅವತ್ತು ಗೆರಟೆಯಲ್ಲಿ ಕುಡಿದವರು ಯಾರು, ಲೋಟದಲ್ಲಿ ಕುಡಿದವರು ಯಾರು?